ಹಾಯಿಪಟ ಹೊಲಿಯೋ ಕಸಬು ಕಲೀಬೇಕು: ತಾಡಪತ್ರಿ ಹೊಲಿಯೋ ಕೈಗೆ ಎಲ್ಲಿಂದ ಶುರು?

ತಾಡಪತ್ರಿ_ಹುಬ್ಬಳ್ಳಿ

ಎಲ್ಲಾರಿಗೂ ಶರಣ್ರಿ. ನಮ್ಮದು ಹುಬ್ಬಳ್ಳಿಯೊಳಗ ತಾಡಪತ್ರಿ ಅಂಗಡಿ, ಅಪ್ಪಾರ ಕಾಲದ್ದು. ಲಾರಿ ಹೊದಿಕಿ, ಟ್ರ್ಯಾಲಿ ಹೊದಿಕಿ, ಗೋವಿನಜೋಳ ಒಣಗಸೋ ಹಾಸು, ಮಳಿಗಾಲಕ್ಕ ಅಂಗಡಿ ಮುಂದಿನ ಪರದೆ, ಇವ ನಮ್ಮ ದಿನದ ಕೆಲಸ. ಹದಿನಾರರಿಂದ ಮಷಿನ್ ಮುಂದ ಕುಂತೀನಿ, ಈಗ ಮೂವತ್ತೆರಡು. ದಪ್ಪ ಅರಿವಿ ಅಂದ್ರ ನನಗ ಅಂಜಿಕಿ ಇಲ್ಲ.

ಎರಡು ತಿಂಗಳ ಹಿಂದ ಕಾರವಾರ ಕಡೆಯವರೊಬ್ಬರು ಲಾರಿ ಹೊದಿಕಿ ಒಯ್ಯಾಕ ಬಂದಾಗ ಜೋಡಿಗೆ ಒಂದು ಹಾಯಿಪಟಾನೂ ತಂದಿದ್ರು. ಅವರ ಮಗಳು ಹನ್ನೊಂದು ವರ್ಷದಾಕಿ, ಆಪ್ಟಿಮಿಸ್ಟ್ ಅನ್ನೋ ಸಣ್ಣ ದೋಣಿ ನಡಸೂದು ಕಲಿಯಾಕತ್ತಾಳ. ದೋಣಿ ಉದ್ದ 2.3 ಮೀಟರ್, ಹದಿನೈದರ ಒಳಗಿನ ಮಕ್ಕಳು ಒಬ್ಬೊಬ್ಬರ ಕುಂತು ನಡಸೂದು. ಪಟ ಸುಮಾರು 3.3 ಚದರ ಮೀಟರ್, ನಾಲ್ಕು ಮೂಲಿ. ಅಡ್ಡ ಪಟ್ಟಿ ಜೋಡಿಸಿ ಮಾಡಿದ್ದು, ನಡುವಿನ ಒಂದು ಹೊಲಿಗಿ ಗೇಣುದ್ದ ಬಿಚ್ಚಿತ್ತು. ‘ಇಷ್ಟ ತಾನ, ಸಂಜಿಕೆ ಬರ್ರಿ’ ಅಂದೆ.

ಗೇಣುದ್ದ ಹಾಕೋ ಬದಲು ಪೂರ್ತಿ ಹೊಲಿಗಿ ಬಿಚ್ಚಿದೆ, ಗಟ್ಟಿ ಆಗ್ಲಿ ಅಂತ. ಬಿಚ್ಚಿದಾಗ ನೋಡಿದ್ರ ಒಂದರ ಮ್ಯಾಲೊಂದು ಕುಂತಿದ್ದ ಅಂಚು ಸಮ ಇರಲಿಲ್ಲ. ನಡುವ 12 ಮಿಲಿಮೀಟರ್, ಪಟ ಕಟ್ಟೋ ಕಂಬದ ಕಡೆ ಬಂದಂಗ ಅಗಲ ಆಗಿ 20 ಆಗಿತ್ತು. ಹೊಲಿದಾವ ಕೈ ತಪ್ಪ್ಯಾನ ಅಂದ್ಕೊಂಡೆ. ಪಟ್ಟಿ ಇಟ್ಟು ಗೆರಿ ಹೊಡೆದು, ತುದಿಯಿಂದ ತುದಿತನ 12ಕ್ಕ ಸಮ ಮಾಡಿ, ಜೋಡು ಹೊಲಿಗಿ ಹಾಕಿ ಕೊಟ್ಟೆ. ನನ್ನ ಕೈಯಿಂದ ಅಷ್ಟು ನೇರ ಹೊಲಿಗಿ ಬಂದಿದ್ದು ಅಪರೂಪ.

ಹತ್ತು ದಿನಕ್ಕ ಫೋನ್ ಬಂತು, ವಿಡಿಯೋನೂ ಬಂತು. ಕಂಬದಿಂದ ನಡುತನ ಒಂದು ಮಡಿಕಿ ಅಡ್ಡ ಬಿದ್ದೈತಿ, ಮುಂದಿನ ಅಂಚು ಬಡಕೊಳ್ಳಾಕತ್ತೈತಿ, ಉಳಿದ ದೋಣಿ ಮುಂದ ಹ್ವಾದ್ರ ಆ ಹುಡುಗಿ ನಿಂತಲ್ಲೇ ನಿಂತಾಳ. ಅವರು ಸಿಟ್ಟಾಗಲಿಲ್ಲ. ‘ಹೊಲಿಗೆ ಗಟ್ಟಿ ಇದೆ, ಪಟ ಸತ್ತಿದೆ’ ಅಂದ್ರು. ಆ ಮಾತು ಇನ್ನೂ ಕಿವ್ಯಾಗೈತಿ.

ರೊಕ್ಕ ತಿರುಗಿ ಕೊಟ್ಟು ಪಟ ವಾಪಸ್ ತರಿಸಿಟ್ಕೊಂಡೀನಿ. ಇದನ್ನ ಸರಿ ಮಾಡಾಕಬೇಕು. ಇದೊಂದ ಅಲ್ರಿ, ಈ ಕಸಬನ್ನ ಬುಡದಿಂದ ಕಲೀಬೇಕು ಅನ್ನಿಸೈತಿ. ಯಾವ ದಾರ, ಯಾವ ಮಷಿನ್, ಮೊದಲ ಏನ್ ಹೊಲೀಬೇಕು, ಬಲ್ಲವರು ಹೇಳ್ರಿ.

ಕೇಶ್ವಾಪುರ_ಮಂದಿ

ಸಮುದ್ರ ನೂರಾ ಅರವತ್ತು ಕಿಲೋಮೀಟರ್ ದೂರ ಐತಲ್ಲೋ ಮಾರಾಯಾ. ಕಲಿತ ಮ್ಯಾಲೆ ಗಿರಾಕಿ ಎಲ್ಲಿಂದ ಬರ್ತಾರ? ಮನಸ್ಸು ಮುರೀಬೇಕಂತಲ್ಲ, ಹೊಟ್ಟಿಪಾಡಿನ ಮಾತು ಕೇಳಿದೆ.

ಕಡಲದಂಡೆ_ಕಾರವಾರ

ತಾಡಪತ್ರಿಯವರೇ, ಮೊದಲು ಸಮಾಧಾನದ ಮಾತು. ನೀವು ಕತ್ತರಿ ಹಾಕಿಲ್ಲ, ಹಾಗಾಗಿ ಪಟ ಸತ್ತಿಲ್ಲ. ಹಾಯಿ ಬಟ್ಟೆ ಅಂದರೆ ಬಿಗಿಯಾಗಿ ನೇಯ್ದು, ರಾಳದಂಥ ಲೇಪ ಕುಡಿಸಿ ಕಾಯಿಸಿದ ಪಾಲಿಯೆಸ್ಟರ್. ಡೇಕ್ರಾನ್ ಅಂತ ಕರೆಯುತ್ತೇವೆ. ಅದರಲ್ಲಿ ಸೂಜಿ ತೂತು ಒಮ್ಮೆ ಬಿದ್ದರೆ ಮುಚ್ಚಿಕೊಳ್ಳುವುದಿಲ್ಲ. ನಿಮ್ಮ ಹೊಲಿಗೆ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಹಳೆಯ ತೂತುಗಳ ಸಾಲು ಎರಡೂ ಪಟ್ಟಿಯಲ್ಲಿ ಕಾಣುತ್ತದೆ. ಅದೇ ನಿಮ್ಮ ನಕ್ಷೆ.

ನಾನು ಒಂಬತ್ತು ವರ್ಷ ಹಾಯಿಪಟ ಮಾಡುವ ಕಡೆ ದುಡಿದವನು. ಮೊದಲ ವರ್ಷ ನನಗೆ ಕೊಟ್ಟ ಕೆಲಸ ಹೊಲಿಯುವುದಲ್ಲ, ಬಿಚ್ಚುವುದು. ಹಳೆ ಪಟ ಬಿಚ್ಚಬೇಕು, ಬಿಚ್ಚುವ ಮೊದಲು ಜೋಡಿನ (ಎರಡು ಪಟ್ಟಿಯ ಅಂಚು ಒಂದರ ಮೇಲೊಂದು ಕೂರುವ ಜಾಗದ) ಮೇಲೆ ಪ್ರತಿ ಗೇಣಿಗೊಂದು ಪೆನ್ಸಿಲ್ ಗೆರೆ ಅಡ್ಡ ಎಳೆಯಬೇಕು. ಎರಡು ಪಟ್ಟಿ ಬೇರೆಯಾದ ಮೇಲೂ ಗೆರೆಗೆ ಗೆರೆ ಕೂಡಿಸಿದರೆ ಮೊದಲಿದ್ದಂತೆಯೇ ಕೂರುತ್ತದೆ. ಈ ಗೆರೆ ಎಳೆಯದೆ ಬಿಚ್ಚಿದ್ದು ನಿಮ್ಮಿಂದಾದ ಮೊದಲ ತಪ್ಪು. ಅಗಲವಾಗಿದ್ದ ಜೋಡನ್ನು ತಪ್ಪು ಅಂದುಕೊಂಡಿದ್ದು ಎರಡನೆಯದು. ಆ ಎಂಟು ಮಿಲಿಮೀಟರೇ ಇಡೀ ಕಸುಬು.

ತಾಡಪತ್ರಿ ಚಪ್ಪಟೆಯಾಗಿರಬೇಕು, ನೀರು ಇಳಿದು ಹೋಗಬೇಕು. ಹಾಯಿ ಚಪ್ಪಟೆಯಾದರೆ ದೋಣಿ ನಡೆಯುವುದಿಲ್ಲ. ಗಾಳಿಗೆ ಎದುರಾಗಿ ಓರೆಯಲ್ಲಿ ಹೋಗುವಾಗ ಪಟ ಗಾಳಿಯನ್ನು ಬಾಗಿಸಿ ಹಿಂದಕ್ಕೆ ಕಳಿಸಬೇಕು. ಅದಕ್ಕೆ ಪಟಕ್ಕೊಂದು ಹೊಟ್ಟೆ ಬೇಕು. ಕಂಬದಿಂದ ಹಿಂದಿನ ಅಂಚಿಗೆ ಒಂದು ದಾರ ನೇರ ಕಟ್ಟಿದ್ದೀರಿ ಅನ್ನಿ, ಅದು ಒಂದೂವರೆ ಮೀಟರ್. ಆ ದಾರದಿಂದ ಬಟ್ಟೆ ಹದಿನೈದು ಸೆಂಟಿಮೀಟರ್ ಆಳಕ್ಕೆ ಇಳಿದಿದ್ದರೆ ಹೊಟ್ಟೆ ನೂರಕ್ಕೆ ಹತ್ತು. ಸಾಮಾನ್ಯವಾಗಿ ಹತ್ತರಿಂದ ಹದಿನೈದರೊಳಗೆ ಇಡುತ್ತೇವೆ. ಮೆಲುಗಾಳಿಗೆ ಆಳ ಹೆಚ್ಚು, ಜೋರು ಗಾಳಿಗೆ ಕಡಿಮೆ. ಅತಿ ಆಳದ ಜಾಗ ನಡುವಿಗಿಂತ ತುಸು ಕಂಬದ ಕಡೆಗೆ ಬರಬೇಕು.

ಚಪ್ಪಟೆ ಬಟ್ಟೆಗೆ ಹೊಟ್ಟೆ ಬರಿಸಲು ನಮ್ಮ ಕೈಯಲ್ಲಿರುವುದು ಎರಡೇ ದಾರಿ. ಒಂದು, ಪಟ್ಟಿ ಜೋಡಿಸುವಾಗ ಅಂಚಿನ ಕಡೆಗೆ ಜೋಡು ಅಗಲ ಮಾಡುತ್ತ ಹೋಗುವುದು. ಅಂಚಿನಲ್ಲಿ ಬಟ್ಟೆ ಕಡಿಮೆಯಾಗುತ್ತದೆ, ನಡುವೆ ಉಳಿಯುತ್ತದೆ, ಉಳಿದದ್ದು ಉಬ್ಬುತ್ತದೆ. ಇನ್ನೊಂದು, ಕಂಬಕ್ಕೆ ಕಟ್ಟುವ ಅಂಚನ್ನು ನೇರ ಕತ್ತರಿಸದೆ ಹೊರಕ್ಕೆ ಬಾಗಿಸಿ ಕತ್ತರಿಸುವುದು. ನೇರ ಕಂಬಕ್ಕೆ ಬಾಗಿದ ಅಂಚು ಕಟ್ಟಿದಾಗ ಹೆಚ್ಚುವರಿ ಬಟ್ಟೆ ಒಳಕ್ಕೆ ಸರಿದು ಹೊಟ್ಟೆಯಾಗುತ್ತದೆ. ಲಕ್ಷ ರೂಪಾಯಿಯ ಪಟಕ್ಕೂ, ನಿಮ್ಮ ಕೈಲಿರುವ ಮಗುವಿನ ಪಟಕ್ಕೂ ಇದೇ ಲೆಕ್ಕ.

ಬೆಟಗೇರಿ_ಅಕ್ಕ

ತಮ್ಮಾ, ನಾ ಗದಗ ಬೆಟಗೇರ್ಯಾಗ ಜಂಪರ್ ಹೊಲಿಯಾಕಿ, ಇಪ್ಪತ್ತೆರಡು ವರ್ಷ ಆತು. ಕಾರವಾರದ ಅಣ್ಣಾರು ಹೇಳಿದ್ದು ಓದಿ ನನಗ ಒಂದ ಸಲಕ್ಕ ತಿಳೀತು, ಯಾಕಂದ್ರ ಅದು ನಮ್ಮ ಟಕ್ಸ್. ಖಣ ಚಪ್ಪಟಿ ಇರ್ತದ, ಮೈ ಚಪ್ಪಟಿ ಇರಂಗಿಲ್ಲ. ಅಂಚಿನಾಗ ಅರಿವಿ ಹಿಡಕೊಂಡು ಹೊಲಿದ್ರ ನಡುವ ಉಬ್ಬು ಬರ್ತದ. ನಿಮ್ಮ 20 ಮಿಲಿಮೀಟರ್ ಅಂಚಿಗೆ ಹಿಡಿದ ಟಕ್ಸ್, ಅದು ಒಳಗ ಹೋದಂಗ ಸಣ್ಣಾಗಿ 12ಕ್ಕ ಬಂದು ನಿಂತದ. ನೀವು ಟಕ್ಸ್ ಬಿಚ್ಚಿ ಜಂಪರ್ ಕೊಟ್ಟೀರಿ.

ಇನ್ನೊಂದು. ಟಕ್ಸಿನ ತುದಿ ಹಿಂಗ ಜಾರಿಧಂಗ ಮುಗೀಬೇಕು. ಗಕ್ಕನ ನಿಲ್ಲಿಸಿದ್ರ ತುದಿಗೆ ಗುಳ್ಳಿ ಏಳ್ತದ, ಇಸ್ತ್ರಿ ಹಾಕಿದ್ರೂ ಹೋಗಂಗಿಲ್ಲ. ಪಟಕ್ಕೂ ಹಂಗ ಇರಬೇಕೇನ್ರಿ ಅಣ್ಣಾರ?

ಕಡಲದಂಡೆ_ಕಾರವಾರ

ಅಕ್ಕಾ, ಕೈ ಮುಗಿದೆ. ನನಗೆ ಇದು ತಲೆಗೆ ಹೋಗಲು ಆರು ತಿಂಗಳು ಹಿಡಿದಿತ್ತು. ಹೌದು, ತುದಿ ಗಕ್ಕನೆ ನಿಂತರೆ ಪಟದಲ್ಲೂ ಗಂಟು ಬೀಳುತ್ತದೆ, ಗಾಳಿ ಅಲ್ಲಿ ಮುಗ್ಗರಿಸುತ್ತದೆ. ಅದಕ್ಕೇ ಗೆರೆಯನ್ನು ಕೈಯಿಂದ ಎಳೆಯುವುದಿಲ್ಲ. ಗಂಟಿಲ್ಲದ ತೆಳು ಮರದ ಪಟ್ಟಿಯನ್ನು ನೆಲದ ಮೇಲೆ ಬಾಗಿಸಿ, ಮೊಳೆ ಆನಿಸಿ ನಿಲ್ಲಿಸಿ, ಅದರ ಮಗ್ಗುಲಿಗೆ ಗೆರೆ ಎಳೆಯುತ್ತೇವೆ. ಮರ ತಾನಾಗಿ ಎಷ್ಟು ಬಾಗುತ್ತದೋ ಅಷ್ಟೇ ನಯವಾದ ಗೆರೆ. ಆಮೇಲೆ ನೆಲಕ್ಕೆ ಮಲಗಿ ಒಂದು ಕಣ್ಣು ಮುಚ್ಚಿ ಗೆರೆಯುದ್ದಕ್ಕೆ ನೋಡಬೇಕು. ಉಬ್ಬು ತಗ್ಗು ಅಳತೆ ಪಟ್ಟಿಗಿಂತ ಕಣ್ಣಿಗೆ ಬೇಗ ಸಿಗುತ್ತದೆ.

ತಾಡಪತ್ರಿ_ಹುಬ್ಬಳ್ಳಿ

ಅಕ್ಕಾರ, ಅಣ್ಣಾರ, ಇದನ್ನೋದಿ ರಾತ್ರಿ ನಿದ್ದಿ ಬರಲಿಲ್ಲ. ಎದ್ದು ಹಳೇ ಕ್ಯಾಲೆಂಡರ್ ಹಾಳಿ ತಗೊಂಡೆ. ಒಂದು ಬದಿಯಿಂದ ನಡುತನ ಸೀಳಿ, ಸೀಳಿದ ಬಾಯಿಯನ್ನ ಅಂಚಿಗೆ ಬೆರಳಗಲ ಒಂದರ ಮ್ಯಾಲೊಂದು ಸರಿಸಿ ಗೋಂದು ಹಚ್ಚಿದೆ. ಟೇಬಲ್ ಮ್ಯಾಲೆ ಇಟ್ರ ಹಾಳಿ ಡಬ್ಬು ಹಾಕಿದ ತಾಟಿನಂಗ ಎದ್ದು ಕುಂತೈತಿ. ಮ್ಯಾಲೆ ಒತ್ತಿದ್ರೂ ಚಪ್ಪಟಿ ಆಗವಲ್ದು. ಹದಿನಾರು ವರ್ಷ ಅರಿವಿ ಹೊಲಿದೀನಿ, ಅರಿವಿ ಹಿಂಗ ಏಳ್ತೈತಿ ಅಂತ ಗೊತ್ತಿರಲಿಲ್ಲ. ಅಪ್ಪಾರನ್ನ ಎಬ್ಬಿಸಿ ತೋರಿಸಿದೆ.

ಸೀಟ್_ಕೆಲಸ_ರಾಣೇಬೆನ್ನೂರು

ದಾರದ ಮಾತು ನಾ ಹೇಳ್ತೀನಿ. ನಾವು ಟ್ರ್ಯಾಕ್ಟರ್, ಬಸ್ ಸೀಟು ಹೊಲಿಯೋರು. ಹತ್ತಿ ದಾರ ಬಿಸಲಿಗೆ, ಮಳಿಗೆ ತಡಿಯಂಗಿಲ್ಲ, ಕೊಳೀತೈತಿ. ನೈಲಾನ್ ಹಿಗ್ಗತೈತಿ, ಬಿಸಲಾಗ ಬಲ ಕಳಕೊಂತೈತಿ. ಬಾಂಡೆಡ್ ಪಾಲಿಯೆಸ್ಟರ್ (ಎಳಿ ಬಿಚ್ಚದಂಗ ಲೇಪ ಹಾಕಿದ್ದು) ತಗೋರಿ. ಸಣ್ಣ ದೋಣಿ ಪಟಕ್ಕ ದಾರದ ದಪ್ಪ ಟೆಕ್ಸ್ 70 ಸಾಕು ಅನ್ನಿಸ್ತೈತಿ, ಅಣ್ಣಾರು ಹೇಳ್ಲಿ. ಸೂಜಿ 16 ಇಲ್ಲಾ 18. ನಿಮ್ಮ ತಾಡಪತ್ರಿ ಮಷಿನ್ ನೇರ ಹೊಲಿಗಿದು. ಪಟಕ್ಕ ಹಾವಿನ ಹೊಲಿಗಿ, ಅಂದ್ರ ಝಿಗ್‌ಜ್ಯಾಗ್, ಇರೋದು ನೋಡೀನಿ, ಅದು ಯಾಕಂತ ನನಗೂ ತಿಳ್ಕೋಬೇಕಾಗೈತಿ. ನಮ್ಮಲ್ಲಿ ಝಿಗ್‌ಜ್ಯಾಗ್ ಮಷಿನ್ ಒಂದೈತಿ, ಬೇಕಂದ್ರ ಬರ್ರಿ, ಮಧ್ಯಾಹ್ನ ಊಟ ಆದ ಮ್ಯಾಲೆ ಖಾಲಿ ಇರ್ತೈತಿ.

ಕಡಲದಂಡೆ_ಕಾರವಾರ

ಟೆಕ್ಸ್ 70 ಸರಿಯಾಗಿದೆ. ಝಿಗ್‌ಜ್ಯಾಗ್ ಯಾಕೆ ಅಂದರೆ, ಗಾಳಿ ತುಂಬಿದಾಗ ಪಟದ ಬಟ್ಟೆ ಸ್ವಲ್ಪ ಹಿಗ್ಗುತ್ತದೆ. ನೇರ ಹೊಲಿಗೆಯಲ್ಲಿ ದಾರ ಆಗಲೇ ಬಿಗಿದು ನಿಂತಿದೆ, ಬಟ್ಟೆ ಹಿಗ್ಗಿದರೆ ಭಾರವೆಲ್ಲ ದಾರದ ಮೇಲೆ. ಓರೆ ಹೊಲಿಗೆಗೆ ಹಿಗ್ಗಲು ಜಾಗವಿದೆ. ಟಾಕು ನಾಲ್ಕೈದು ಮಿಲಿಮೀಟರ್ ಉದ್ದ ಇಡಿ. ಹತ್ತಿರ ಹತ್ತಿರ ಹಾಕಿದರೆ ಗಟ್ಟಿ ಅನ್ನಿಸುತ್ತದೆ, ಆದರೆ ಅಂಚೆ ಚೀಟಿಯ ತೂತಿನ ಸಾಲಿನಂತೆ ಬಟ್ಟೆ ಅಲ್ಲೇ ಹರಿಯುತ್ತದೆ. ಇದೇ ಕಾರಣಕ್ಕೆ ಹಳೆ ತೂತು ನಕ್ಷೆಗೆ ಮಾತ್ರ. ಹೊಸ ಹೊಲಿಗೆ ಅದರ ಪಕ್ಕಕ್ಕೆ.

ಹತ್ತಿ ಕ್ಯಾನ್ವಾಸಿನಲ್ಲಿ ಟಾಕು ಬಟ್ಟೆಯೊಳಗೆ ಹುದುಗುತ್ತದೆ. ಡೇಕ್ರಾನ್ ಬಿರುಸು, ಟಾಕು ಮೇಲೆಯೇ ಎದ್ದು ನಿಲ್ಲುತ್ತದೆ. ಕಂಬಕ್ಕೆ, ಹಗ್ಗಕ್ಕೆ ಉಜ್ಜುವುದು ಮೊದಲು ದಾರವೇ. ಬಟ್ಟೆ ಚೆನ್ನಾಗಿದ್ದೂ ಹೊಲಿಗೆ ಬಿಚ್ಚಿ ಬರುವ ಪಟಗಳೇ ಹೆಚ್ಚು, ನಿಮ್ಮಲ್ಲಿ ಬಂದದ್ದೂ ಅದೇ.

ಜಾರುವ ಬಟ್ಟೆಗೆ ಗುಂಡುಸೂಜಿ ಚುಚ್ಚಬೇಡಿ. ಎರಡೂ ಬದಿ ಅಂಟುವ ತೆಳು ಟೇಪು ಹಚ್ಚಿ, ಗೆರೆಗೆ ಗೆರೆ ಕೂಡಿಸಿ ಒತ್ತಿ, ನಂತರ ಮಷಿನ್ನಿಗೆ ಕೊಡಿ.

ಮಗ್ಗದ_ಮನಿ_ಗದಗ

ನೀವು ಹೊಲಿಯೋ ಮುಂದ ಅಷ್ಟು ದೊಡ್ಡ ಅರಿವಿ ಮಷಿನ್ ಮ್ಯಾಲೆ ಹೆಂಗ ಹಿಡೀತೀರಿ? ಕೆಳಗ ಜೋತು ಬಿದ್ರ ಎಳೆದು ಗೆರಿ ತಪ್ಪಂಗಿಲ್ಲೇನು?

ಕಡಲದಂಡೆ_ಕಾರವಾರ

ತಪ್ಪುತ್ತದೆ. ಅದಕ್ಕೇ ದೊಡ್ಡ ಕೆಲಸದ ಕಡೆ ನೆಲದಲ್ಲಿ ಗುಂಡಿ ತೋಡಿ ಮಷಿನ್ ಒಳಗೆ ಇಳಿಸುತ್ತಾರೆ. ಮಷಿನ್ ತಲೆ ಮತ್ತು ಮರದ ನೆಲ ಒಂದೇ ಮಟ್ಟ. ಹೊಲಿಯುವವನು ಗುಂಡಿಯೊಳಗೆ ಕಾಲು ಬಿಟ್ಟು ಕೂರುತ್ತಾನೆ, ಪಟ ನೆಲದ ಮೇಲೆ ಜಾರಿಕೊಂಡು ಬರುತ್ತದೆ.

ಮಗ್ಗದ_ಮನಿ_ಗದಗ

ಅದು ಕುಣಿಮಗ್ಗ ಆತಲ್ರಿ! ನಮ್ಮಜ್ಜ ಹಂಗ ಕುಂತು ನೇಯ್ತಿದ್ದ, ಕಾಲು ಕುಣ್ಯಾಗ, ಅರಿವಿ ನೆಲದ ಸಮಕ್ಕ. ಕುಣಿ ಇನ್ನೂ ಮನ್ಯಾಗೈತಿ, ಮ್ಯಾಲೆ ಹಲಗಿ ಹಾಕಿ ಜ್ವಾಳದ ಚೀಲ ಇಟ್ಟೀವಿ. ತಾಡಪತ್ರಿ ತಮ್ಮಾ, ಒಂದಿನ ಬಂದು ನೋಡ್ಕೊಂಡು ಹೋಗು, ಅಳತಿ ತಗೋ.

ಧಾರವಾಡ_ನಿವೃತ್ತ

ಕೇಶ್ವಾಪುರದವರು ಸಮುದ್ರ ದೂರ ಅಂದದ್ದಕ್ಕ ಎರಡು ಮಾತು ಹೇಳಬೇಕು ಅನ್ನಿಸ್ತದ. ನಾನು ಹತ್ತಿ ಸಂಶೋಧನೆಯೊಳಗ ದುಡಿದು ನಿವೃತ್ತ ಆದವ. ರೈಲು ಬರೋದಕ್ಕಿಂತ ಮೊದಲು ಧಾರವಾಡ ಸೀಮೆಯ ಹತ್ತಿ ಎತ್ತಿನ ಬಂಡಿಯೊಳಗ ಘಟ್ಟ ಇಳಿದು ಕುಮಟಾ ಬಂದರಕ್ಕ ಹೋಗ್ತಿತ್ತು, ಅಲ್ಲಿಂದ ಹಾಯಿಹಡಗದೊಳಗ ಮುಂಬಯಿಗೆ. ಮುಂಬಯಿ ಪೇಟೆಯೊಳಗ ನಮ್ಮ ಹತ್ತಿಯ ಹೆಸರೇ ‘ಕುಮಟಾ ಹತ್ತಿ’ ಅಂತ ಬಿತ್ತು, ಕುಮಟಾದೊಳಗ ಒಂದು ಗಿಡ ಬೆಳೀಲಿಲ್ಲ ಅಂದ್ರೂ. 1861ರಿಂದ 65ರ ತನಕ ಅಮೆರಿಕದೊಳಗ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಈ ವ್ಯಾಪಾರ ಉಕ್ಕಿ ಹರೀತು. ಆಮೇಲೆ ಗೋವೆಯ ಮಾರ್ಮಗೋವಾಕ್ಕ ರೈಲು ಹಾದಿ ಆಗಿ ಕುಮಟಾ ಸೊರಗಿತು. ಅಂದ್ರ ಹಾಯಿಗೂ ನಮಗೂ ಹಳೇ ಲೇವಾದೇವಿ ಅದ.

ಇನ್ನೊಂದು ವಿಷಯ, ಪಾಲಿಯೆಸ್ಟರ್ ಬರೋ ಮೊದಲು ಪಂದ್ಯದ ದೋಣಿಗಳಿಗೆ ಈಜಿಪ್ತಿನ ಉದ್ದೆಳೆ ಹತ್ತಿಯ ಪಟ ಶ್ರೇಷ್ಠ ಅಂತಿದ್ದರು. ಅದು ಬಾರ್ಬಡೆನ್ಸ್ ಜಾತಿಯ ಹತ್ತಿ. ಅದೇ ಜಾತಿಯನ್ನ ನಮ್ಮ ಕಡೆಯ ಹತ್ತಿಗೆ ಕೂಡಿಸಿ ಡಾ. ಬಿ. ಎಚ್. ಕಟರಕಿ ಅವರು 1972ರೊಳಗ ಧಾರವಾಡದಾಗ ‘ವರಲಕ್ಷ್ಮಿ’ ತಳಿ ಕೊಟ್ಟರು. 1981ರೊಳಗ ಅಂಥದ್ದೇ ಇನ್ನೊಂದು ತಳಿ ‘ಡಿಸಿಎಚ್ 32’ ಬಂತು. ಕೈ ಹೊಲಿಗೆ ಕಲಿಯಲಿಕ್ಕೆ ಮೊದಲು ಹತ್ತಿ ಕ್ಯಾನ್ವಾಸೇ ತಗೋರಿ, ಸೂಜಿಗೆ ಒಲೀತದ.

ಗರಗದ_ಕಡೆಯಾಕಿ

ನಮ್ಮ ಚಿಗವ್ವ ಹುಬ್ಬಳ್ಳಿ ಬೆಂಗೇರ್ಯಾಗ ರಾಷ್ಟ್ರಧ್ವಜ ಹೊಲೀತಿದ್ಲು. ಒಂಬತ್ತು ಅಳತಿ ಧ್ವಜ ಅದಾವು, ಎಲ್ಲಕ್ಕಿಂತ ದೊಡ್ಡದು 21 ಅಡಿ ಉದ್ದ 14 ಅಡಿ ಅಗಲ, ಸಣ್ಣದು 6 ಇಂಚು 4 ಇಂಚು. ಚಕ್ರ ಎರಡೂ ಮಗ್ಗಲಿಗೆ ಕೂದಲೆಳಿ ಸರಿಯಾಗಿ ಒಂದರ ಹಿಂದ ಒಂದು ಬರಬೇಕು, ಇಲ್ಲಾಂದ್ರ ತಗದ ಇಡೋದು. ಹುಬ್ಬಳ್ಳಿಯೊಳಗ ಗಾಳಿಗೆ ಅರಿವಿ ಹೊಲಿಯೋ ಕೈ ಇಲ್ಲ ಅಂತ ಯಾರೂ ಅನ್ನಬ್ಯಾಡ್ರಿ. ಆಕಿ ಹೇಳ್ತಿದ್ಲು, ಧ್ವಜ ಹರಿಯೋದು ಯಾವಾಗಲೂ ಹಾರೋ ತುದಿಯಿಂದ ಅಂತ.

ಕಡಲದಂಡೆ_ಕಾರವಾರ

ಚಿಗವ್ವ ಹೇಳಿದ್ದು ಹಾಯಿಗೂ ಸತ್ಯ. ಧ್ವಜ ಬಡಿದುಕೊಳ್ಳಲೇಬೇಕು, ಹಾಯಿ ಬಡಿದುಕೊಳ್ಳಲೇಬಾರದು. ಬಿಸಿಲು ಒಂದು ಶತ್ರು, ಪಟಪಟ ಬಡಿತ ಇನ್ನೊಂದು. ಮಕ್ಕಳು ದೋಣಿ ದಡಕ್ಕೆ ಹಚ್ಚಿ ಪಟ ಬಿಟ್ಟು ಹರಟೆಗೆ ನಿಲ್ಲುತ್ತಾರೆ, ಹಾಗೆ ಬಡಿದುಕೊಂಡಷ್ಟೂ ಬಟ್ಟೆಯ ಬಿರುಸು ಹೋಗುತ್ತದೆ. ಆ ಹುಡುಗಿಗೆ ಇದನ್ನು ಹೇಳಿ.

ಈಗ ಕೈಕೆಲಸ. ಮಷಿನ್ ತಲುಪದ ಜಾಗ ಎಂದರೆ ಮೂಲೆ. ಮೂಲೆಯಲ್ಲಿ ಬಟ್ಟೆ ಐದಾರು ಪದರ, ಒಂದಕ್ಕಿಂತ ಒಂದು ದೊಡ್ಡದು, ಮೆಟ್ಟಿಲಿನಂತೆ. ಭಾರ ಒಂದೇ ಗೆರೆಯಲ್ಲಿ ನಿಲ್ಲದೆ ಹರಡಿಕೊಳ್ಳಲಿ ಅಂತ. ನಿಮ್ಮ ತಾಡಪತ್ರಿಗೆ ರಿಂಗ್ ಹೊಡೆಯುವಂತೆ ಹೊಡೆದರೆ ಇಲ್ಲಿ ಕಿತ್ತು ಬರುತ್ತದೆ. ಹಿತ್ತಾಳೆ ಬಳೆ ಇಟ್ಟು ಮೇಣ ಹಚ್ಚಿದ ದಾರದಿಂದ ಸುತ್ತಲೂ ಕೈಯಲ್ಲಿ ಹೊಲಿಯಬೇಕು, ಪ್ರತಿ ಟಾಕೂ ಬಳೆಯ ಮೇಲೆ ಹಾದು ಬಟ್ಟೆಗೆ ಇಳಿಯಬೇಕು. ಟಾಕುಗಳ ದೂರ ಸಮ ಇರಲಿ, ಆದರೆ ಎಲ್ಲ ಒಂದೇ ವೃತ್ತದಲ್ಲಿ ಇಳಿಯದಿರಲಿ, ಒಂದು ಉದ್ದ ಒಂದು ಗಿಡ್ಡ ಬರಲಿ.

ಸೂಜಿ ತ್ರಿಕೋನ ಮೊನೆಯದು. ಬೆರಳಿನಿಂದ ತಳ್ಳಿದರೆ ಬೆರಳು ಹೋಗುತ್ತದೆ. ಅಂಗೈಗೆ ತೊಗಲಿನ ಪಟ್ಟಿ ಕಟ್ಟಿಕೊಳ್ಳುತ್ತೇವೆ, ಹೆಬ್ಬೆರಳಿನ ಬುಡಕ್ಕೆ ಕುಳಿಯಿರುವ ಕಬ್ಬಿಣದ ಬಿಲ್ಲೆ, ಸೂಜಿಯ ಹಿಂಬದಿ ಅದರಲ್ಲಿ ಕೂರುತ್ತದೆ. ತೋಳಿನ ಬಲ ಪೂರ್ತಿ ಸೂಜಿಗೆ ಹೋಗುತ್ತದೆ. ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಹತ್ತಿರ ಮಾಡಿಸಿಕೊಳ್ಳಿ, ತೊಗಲೂ ಮೇಣವೂ ಅವರಲ್ಲೇ ಇರುತ್ತದೆ.

ಹಾಯಿ ಮುಟ್ಟುವ ಮೊದಲು ಒಂದು ಚೀಲ ಹೊಲಿಯಿರಿ. ಹಿಂದಿನಿಂದಲೂ ಕಲಿಯುವವರಿಗೆ ಮೊದಲು ಕೊಡುವ ಕೆಲಸ ಇದು. ಕ್ಯಾನ್ವಾಸಿನ ಉದ್ದ ಚೀಲ, ಬದಿಗೆ ಚಪ್ಪಟೆ ಹೊಲಿಗೆ (ಅಂಚು ಒಂದರ ಮೇಲೊಂದು ಇಟ್ಟು), ತಳಕ್ಕೆ ದುಂಡು ಹೊಲಿಗೆ (ಎರಡು ಅಂಚು ಕೂಡಿಸಿ ಸುತ್ತಿ), ಬಾಯಿಗೆ ಕೈಯಿಂದ ಹೊಲಿದ ಎಂಟು ಕಣ್ಣು, ಅದಕ್ಕೆ ಹಗ್ಗ. ಈ ಒಂದು ಚೀಲದಲ್ಲಿ ಕೈಕೆಲಸದ ಬಹುಪಾಲು ಬಂದುಬಿಡುತ್ತದೆ. ಒಂದು ಸರಿಯಾಗಲಿಲ್ಲವೆಂದರೆ ಇನ್ನೊಂದು. ನನ್ನ ನಾಲ್ಕನೆಯ ಚೀಲ ಒಪ್ಪಿದರು.

ಕೇಶ್ವಾಪುರ_ಮಂದಿ

ನಾ ಕೇಳಿದ ಪ್ರಶ್ನಿಗೆ ಇಷ್ಟೆಲ್ಲಾ ಹೊರಗ ಬಂತು, ಖುಷಿ ಆತು. ಕಾರವಾರದಾಗ ಹಗ್ಗದಿಂದ ಹೊಲಿದ ಹಡಗು ನೌಕಾಪಡೆಗೆ ಸೇರಿತು ಅಂತ ಪೇಪರಿನಾಗ ಓದಿದ್ದೆ. ಅದರದ್ದೂ ಹಾಯಿ ಅಲ್ಲೇನು?

ಕಡಲದಂಡೆ_ಕಾರವಾರ

ಹೌದು, ಐಎನ್‌ಎಸ್‌ವಿ ಕೌಂಡಿನ್ಯ. 2025ರ ಮೇ 21ರಂದು ಇಲ್ಲಿಯ ನೌಕಾನೆಲೆಯಲ್ಲಿ ಸೇರ್ಪಡೆಯಾಯಿತು. ಅಜಂತಾದ ಐದನೇ ಶತಮಾನದ ಚಿತ್ರ ನೋಡಿ ಕಟ್ಟಿದ್ದು, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದದ್ದು. ಚೌಕದ ಹಾಯಿ, ಅದರ ಮೇಲೆ ಗಂಡಭೇರುಂಡ ಮತ್ತು ಸೂರ್ಯ. ಗಂಡಭೇರುಂಡ ಗಾಳಿ ತುಂಬಿ ಉಬ್ಬುವುದನ್ನು ಊಹಿಸಿಕೊಳ್ಳಿ.

ತಾಡಪತ್ರಿ_ಹುಬ್ಬಳ್ಳಿ

ಮೂರು ವಾರ ಬಿಟ್ಟು ಬರಿಯಾಕತ್ತೀನಿ, ಕ್ಷಮಿಸ್ರಿ.

ಚೀಲ ಎರಡು ಹೊಲಿದೆ. ಮೊದಲನೇದರ ತಳ ಸೊಟ್ಟ, ಎರಡನೇದು ನಿಲ್ತೈತಿ. ಮೂರನೇದು ನಡದೈತಿ. ಅಂಗೈ ತೊಗಲು ನಮ್ಮ ಓಣಿಯ ಚಪ್ಪಲಿ ಕಾಕಾರು ಮಾಡಿ ಕೊಟ್ರು, ರೊಕ್ಕ ತಗೊಳ್ಳಲಿಲ್ಲ, ‘ಹಾಯಿ ಹೊಲಿದಾಗ ತಂದು ತೋರಿಸು’ ಅಂದಾರ.

ಪಟದ ಹೊಲಿಗಿ ಬಿಚ್ಚಿ ಬೆಳಕಿಗೆ ಹಿಡಿದೆ. ಅಣ್ಣಾರು ಹೇಳಿಧಂಗ ನನ್ನ ನೇರ ತೂತಿನ ಸಾಲಿನ ಮಗ್ಗಲಿಗೆ ಹಳೇ ಸಾಲು ಕಾಣ್ತು. ನಡುವ ಎರಡೂ ಒಂದ, ಕಂಬದ ಕಡೆ ಹ್ವಾದಂಗ ಹಳೇ ಸಾಲು ಮೆಲ್ಲಕ ಬ್ಯಾರೆ ಆಗಿ ಬಾಗಿ ಹೋಗೈತಿ. ಎಷ್ಟು ನಯ ಇತ್ತಂದ್ರ, ಹೊಲಿದ ಆ ಕೈ ಯಾವುದಿತ್ತೋ, ನಮಸ್ಕಾರ ಮಾಡಬೇಕನ್ನಿಸ್ತು. ಹತ್ತು ಹತ್ತು ಸೆಂಟಿಮೀಟರಿಗೆ ಗುರುತು ಹಾಕಿ, ಟೇಪು ಹಚ್ಚಿ ಕೂಡಿಸಿ, ರಾಣೇಬೆನ್ನೂರಿಗೆ ಹೋಗಿ ಝಿಗ್‌ಜ್ಯಾಗ್ ಹಾಕಿಸಿಕೊಂಡು ಬಂದೆ. ಹಾಕಿದ್ದು ನಾನ, ಅವರು ಬಾಜೂಕ ನಿಂತು ಪಟ ಎತ್ತಿ ಹಿಡಿದ್ರು.

ನಿನ್ನೆ ಸಂಜಿಕೆ ಮಾಳಗಿ ಮ್ಯಾಲೆ ಬಿದಿರಿಗೆ ಕಟ್ಟಿ ನಿಲ್ಲಿಸಿದೆ. ಪಡುವಣ ಗಾಳಿ ಇತ್ತು. ಅಪ್ಪಾರು ಕೆಳಗಿನ ಹಗ್ಗ ಹಿಡಿದಿದ್ರು. ಗಾಳಿ ಬಂದ ಕೂಡಲೇ ಪಟ ತುಂಬಿ ನಿಂತು ಬಿಡ್ತು, ಸಪ್ಪಳಾನೂ ಇಲ್ಲ, ಮಡಿಕೀನೂ ಇಲ್ಲ. ಅಪ್ಪಾರು ಎರಡು ಹೆಜ್ಜಿ ಮುಂದ ಎಳಕೊಂಡು ಹ್ವಾದ್ರು. ‘ಎಳೀತೈತೋ!’ ಅಂತ ಕೂಗಿದ್ರು. ನಲವತ್ತು ವರ್ಷ ಅರಿವಿ ಹೊಲಿದ ಮನಿಷ್ಯಾ, ಅವರ ದನಿಯೊಳಗ ಅಂಥಾ ಖುಷಿ ನಾ ಕೇಳಿರಲಿಲ್ಲ. ದಾರ ಕಟ್ಟಿ ಅಳದೆ, ನಡುವ 1 ಮೀಟರ್ 60ಕ್ಕ 18 ಸೆಂಟಿಮೀಟರ್ ಹೊಟ್ಟಿ. ಸರಿ ಐತಿಲ್ರಿ ಅಣ್ಣಾರ?

ಕಡಲದಂಡೆ_ಕಾರವಾರ

ನೂರಕ್ಕೆ ಹನ್ನೊಂದು ಚಿಲ್ಲರೆ. ಸರಿಯಾಗಿದೆ. ಕಳಿಸಿ. ಮೊದಲ ಎರಡು ದಿನ ಮೆಲುಗಾಳಿಯಲ್ಲೇ ನಡೆಸಲಿ, ಹೊಸ ದಾರ ಕೂರಬೇಕು. ಮಡಚಬೇಡಿ, ಕೊಳವೆಗೆ ಸುತ್ತಿ ಕಳಿಸಿ.

ಬೆಟಗೇರಿ_ಅಕ್ಕ

ನನ್ನ ಕಣ್ಣಾಗ ನೀರು ಬಂತು ತಮ್ಮಾ. ಅಪ್ಪಾರಿಗೆ ನನ್ನ ಶರಣು ಹೇಳು.

ತಾಡಪತ್ರಿ_ಹುಬ್ಬಳ್ಳಿ

ಪಟ ಮುಟ್ಟಿ ಐದು ದಿನ ಆತು. ಇವತ್ತ ಆ ಹುಡುಗಿ ತಾನ ಫೋನ್ ಮಾಡಿದ್ಲು. ‘ಮಡಿಕೆ ಹೋಗಿದೆ ಅಂಕಲ್, ದೋಣಿ ಹೋಗ್ತಿದೆ. ಆದರೆ ಹಿಂದಿನ ಅಂಚು ಮೇಲುಗಡೆ ಸ್ವಲ್ಪ ಝುರ್ ಅಂತ ನಡುಗ್ತದೆ’ ಅಂದ್ಲು. ಅಣ್ಣಾರ, ಆ ಅಂಚು ಮಡಚಿ ಹೊಲಿದ ಪಟ್ಟಿ ಹಿಗ್ಗಿ ಸಡ್ಲ ಆಗಿರಬೇಕಂತ ನನಗ ಅನ್ನಿಸ್ತೈತಿ. ರವಿವಾರ ಕಾರವಾರಕ್ಕ ನಾನ ಬರಾಕತ್ತೀನಿ, ಪೆನ್ಸಿಲ್ ತರ್ತೀನಿ. ಬಿಚ್ಚೋ ಮೊದಲ ಗೆರಿ ಹಾಕ್ತೀನಿ, ನೀವು ನಿಂತು ನೋಡ್ರಿ.